ಊಟದ ಮೇಜಿನ ಮೇಲೊಂದು ಬಿಯರ್ ಪೀಪಾಯಿ

ಶಿಕಾಗೊದ ಕಳ್ಳಮದ್ಯದ ದಂಧೆ ಒಂದು ಮನೆಯನ್ನು ಹೇಗೆ ಒಡೆಯಿತು ಎಂದು 1931ರ ಹಾಲಿವುಡ್ ಚಿತ್ರ ‘ದಿ ಪಬ್ಲಿಕ್ ಎನಿಮಿ’ ತೋರಿಸಿತು. ಗೋವಾ ಗಡಿಗೆ ಅಂಟಿಕೊಂಡ ಬೆಳಗಾವಿ, ಖಾನಾಪುರಗಳಿಗೆ ಆ ಕಥೆ ಇಂದಿಗೂ ಹೊಸದು.

ಬೆಳಗಾವಿಯ ಅನಗೋಳದವರಿಗೆ ಗೋವಾ ದೂರದ ಊರಲ್ಲ. ಪಕ್ಕದ ಉದ್ಯಮಬಾಗದ ಕಾರ್ಖಾನೆಗಳನ್ನು ದಾಟಿ ಪೀರನವಾಡಿಗೆ ಬಂದರೆ ದಾರಿ ಕವಲೊಡೆಯುತ್ತದೆ. ಒಂದು ಖಾನಾಪುರ, ಲೋಂಡಾ, ರಾಮನಗರ ಹಾಯ್ದು ಅನಮೋಡ ಘಟ್ಟ ಇಳಿಯುತ್ತದೆ. ಇನ್ನೊಂದು ಜಾಂಬೋಟಿ, ಕಣಕುಂಬಿಯ ಮೇಲೆ ಹೋಗಿ ಚೋರ್ಲಾ ಘಟ್ಟ ಇಳಿದು ಸಾಖಳಿ ಸೇರುತ್ತದೆ. ಕೊಂಕಣದ ಮೀನು, ಗೋವಾದ ಗೇರುಬೀಜ, ಬೆಳಗಾವಿಯ ತರಕಾರಿ, ಹಾಲು ಎಲ್ಲವೂ ಈ ಎರಡು ದಾರಿಗಳಲ್ಲಿ ಹತ್ತಿಳಿಯುತ್ತವೆ.

ಎರಡೂ ದಾರಿಗಳಲ್ಲಿ ಅಬಕಾರಿ ಇಲಾಖೆಯ ತನಿಖಾ ಠಾಣೆಗಳಿವೆ. ಒಂದು ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ, ಇನ್ನೊಂದು ಅನಮೋಡದಲ್ಲಿ. ಅಲ್ಲಿನ ಸಿಬ್ಬಂದಿ ಕಾರಿನ ಡಿಕ್ಕಿ ತೆಗೆಸಿ, ಲಾರಿಯ ತಾಡಪತ್ರಿ ಎತ್ತಿಸಿ ಹುಡುಕುವುದು ಒಂದೇ ವಸ್ತುವನ್ನು: ಗೋವಾ ರಾಜ್ಯದಲ್ಲಿ ಮಾತ್ರ ಮಾರಾಟಕ್ಕೆ ಎಂಬ ಒಕ್ಕಣೆ ಇರುವ ಬಾಟಲಿ.

ಅದನ್ನು ಗಡಿ ದಾಟಿಸುವ ಆಸೆ ಯಾಕೆ ಹುಟ್ಟುತ್ತದೆ ಎಂಬುದಕ್ಕೆ ಒಂದು ಲೆಕ್ಕ ಸಾಕು. ಮದ್ಯ ತಯಾರಕರ ಒಕ್ಕೂಟವಾದ ಭಾರತದ ಅಂತಾರಾಷ್ಟ್ರೀಯ ಸ್ಪಿರಿಟ್ ಮತ್ತು ವೈನ್ ಸಂಘ 2023ರಲ್ಲಿ ರಾಜ್ಯಗಳ ತೆರಿಗೆಯನ್ನು ಹೋಲಿಸಿತು. ಗೋವಾದಲ್ಲಿ 100 ರೂಪಾಯಿಗೆ ಸಿಗುವ ಬಾಟಲಿ ಕರ್ನಾಟಕದಲ್ಲಿ ಸುಮಾರು 513 ರೂಪಾಯಿ ಆಗುತ್ತದೆ ಎಂದು ಅದು ಲೆಕ್ಕ ಕೊಟ್ಟಿತು. ಆಗ ಚಿಲ್ಲರೆ ಬೆಲೆಯಲ್ಲಿ ತೆರಿಗೆಯ ಪಾಲು ಗೋವಾದಲ್ಲಿ ಶೇ 49, ಕರ್ನಾಟಕದಲ್ಲಿ ಶೇ 83 ಇತ್ತು. ಆ ಲೆಕ್ಕದಲ್ಲಿ ಅಂಥ ಹನ್ನೆರಡು ಬಾಟಲಿಯ ಒಂದು ಪೆಟ್ಟಿಗೆ ಗಡಿ ದಾಟಿದರೆ ಬೆಲೆಯ ಅಂತರವೇ ಐದು ಸಾವಿರ ರೂಪಾಯಿಯ ಹತ್ತಿರ. ನೂರು ಪೆಟ್ಟಿಗೆಯ ಒಂದು ಲಾರಿಗೆ ಐದು ಲಕ್ಷ. ಘಟ್ಟದ ಕೆಳಗೂ ಮೇಲೂ ಇರುವ ಮದ್ಯ ಒಂದೇ. ನಡುವಿನ ಕೆಲವು ತಾಸಿನ ಪ್ರಯಾಣಕ್ಕೇ ಇಷ್ಟು ಬೆಲೆ.

ಕಾನೂನು ಗೆರೆ ಎಳೆದಲ್ಲಿ ಬೆಲೆ ಏರುತ್ತದೆ. ಬೆಲೆ ಏರಿದಲ್ಲಿ ದಾಟಿಸುವ ಹುಡುಗರು ಸಿಗುತ್ತಾರೆ. ಹುಡುಗರು ಮನೆಗೆ ಹಣ ತರುತ್ತಾರೆ. ಆ ಹಣ ಎಲ್ಲಿಂದ ಬಂತು ಎಂದು ಮನೆಯವರು ಕೇಳುತ್ತಾರೋ ಇಲ್ಲವೋ ಎಂಬಲ್ಲಿಗೆ ಕಥೆ ಬಂದು ನಿಲ್ಲುತ್ತದೆ. ಈ ಸರಪಳಿಯನ್ನು ಒಂದು ಕೊಂಡಿಯೂ ಬಿಡದೆ ತೆರೆಯ ಮೇಲೆ ತಂದ ಮೊದಲ ಚಿತ್ರಗಳಲ್ಲಿ ‘ದಿ ಪಬ್ಲಿಕ್ ಎನಿಮಿ’ ಮುಖ್ಯವಾದುದು.

ಒಂದು ಮನೆ, ಇಬ್ಬರು ಮಕ್ಕಳು

ವಾರ್ನರ್ ಬ್ರದರ್ಸ್ ಈ ಚಿತ್ರವನ್ನು 1931ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿತು. ನಿರ್ದೇಶಕ ವಿಲಿಯಂ ವೆಲ್‌ಮನ್ ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವನು. ಅವನ ‘ವಿಂಗ್ಸ್’ ಅತ್ಯುತ್ತಮ ಚಿತ್ರಕ್ಕಾಗಿ ಕೊಟ್ಟ ಮೊಟ್ಟಮೊದಲ ಆಸ್ಕರ್ ಪಡೆದಿತ್ತು. ಕಥೆ ಬರೆದವರು ಶಿಕಾಗೊದವರೇ ಆದ ಕ್ಯೂಬೆಕ್ ಗ್ಲಾಸ್ಮನ್ ಮತ್ತು ಜಾನ್ ಬ್ರೈಟ್. ಗ್ಲಾಸ್ಮನ್‌ಗೆ ಅಲ್ಲಿ ಔಷಧದ ಅಂಗಡಿ ಇತ್ತು, ಬ್ರೈಟ್ ಅದೇ ಅಂಗಡಿಯಲ್ಲಿ ಕೆಲಸಕ್ಕಿದ್ದ. ಪಾನನಿಷೇಧದ ಕಾಲದಲ್ಲಿ ಅಮೆರಿಕದಲ್ಲಿ ವೈದ್ಯರ ಚೀಟಿ ಇದ್ದರೆ ವಿಸ್ಕಿ ಸಿಗುತ್ತಿದ್ದುದು ಔಷಧದ ಅಂಗಡಿಗಳಲ್ಲೇ. ದಂಧೆಯ ಒಳಹೊರಗನ್ನು ಅವರು ಗಲ್ಲೆಯ ಹಿಂದೆ ನಿಂತು ಕಂಡಿದ್ದರು. ಅವರು ಬರೆದ ‘ಬಿಯರ್ ಆ್ಯಂಡ್ ಬ್ಲಡ್’ ಎಂಬ ಕಾದಂಬರಿ ಅಚ್ಚಾಗಲಿಲ್ಲ, ಸಿನಿಮಾ ಆಯಿತು. ಮೂಲ ಕಥೆಗಾಗಿ ಆಸ್ಕರ್‌ಗೆ ಅವರ ಹೆಸರೂ ಸೂಚಿತವಾಯಿತು.

ಕಥೆ 1909ರಲ್ಲಿ ಶುರುವಾಗುತ್ತದೆ. ಟಾಮ್ ಪವರ್ಸ್ ಮತ್ತು ಮ್ಯಾಟ್ ಡಾಯ್ಲ್ ಇನ್ನೂ ಹುಡುಗರು. ಟಾಮ್‌ನ ತಂದೆ ಪೊಲೀಸ್. ಮಗ ತಪ್ಪು ಮಾಡಿದಾಗ ಅವನು ಮಾತಾಡುವುದಿಲ್ಲ, ಚರ್ಮದ ಪಟ್ಟಿ ತೆಗೆದುಕೊಳ್ಳುತ್ತಾನೆ. ಹುಡುಗರು ಕದ್ದ ಮಾಲು ಕೊಳ್ಳುವವನ ಕೈಗೆ ಬೀಳುತ್ತಾರೆ. ಅವನು ಮೊದಲು ಚಿಲ್ಲರೆ ಕಾಸು ಕೊಡುತ್ತಾನೆ, ದೊಡ್ಡವರಾದ ಮೇಲೆ ಪಿಸ್ತೂಲು ಕೊಡುತ್ತಾನೆ, ಕಷ್ಟ ಬಂದ ದಿನ ಬಾಗಿಲು ಹಾಕಿಕೊಳ್ಳುತ್ತಾನೆ. ಆಮೇಲೆ 1920 ಬರುತ್ತದೆ, ಪಾನನಿಷೇಧ ಬರುತ್ತದೆ. ನಿಷೇಧದ ಹಿಂದಿನ ರಾತ್ರಿ ಜನ ಸಿಕ್ಕ ಗಾಡಿಯಲ್ಲೆಲ್ಲ, ಮಕ್ಕಳನ್ನು ಕೂರಿಸುವ ತಳ್ಳುಗಾಡಿಯಲ್ಲೂ, ಬಾಟಲಿ ತುಂಬಿಕೊಂಡು ಓಡುವ ದೃಶ್ಯವಿದೆ. ಅದಕ್ಕೆ ಕಾರಣ ಕಾನೂನಿನಲ್ಲೇ ಇತ್ತು. ಅಮೆರಿಕದ ವೋಲ್‌ಸ್ಟೆಡ್ ಕಾಯ್ದೆ ಮದ್ಯದ ತಯಾರಿಕೆ, ಮಾರಾಟ, ಸಾಗಣೆಯನ್ನು ನಿಷೇಧಿಸಿತು; ಮೊದಲೇ ಕೊಂಡಿಟ್ಟುಕೊಂಡದ್ದನ್ನು ಮನೆಯಲ್ಲಿ ಕುಡಿಯುವುದನ್ನು ನಿಷೇಧಿಸಲಿಲ್ಲ.

ಟಾಮ್ ಮತ್ತು ಮ್ಯಾಟ್ ಮಾಡುವ ಮೊದಲ ದೊಡ್ಡ ಕಳವನ್ನು ಖಾನಾಪುರ ರಸ್ತೆಯ ಜನ ನೋಡಿದರೆ ಬೆಚ್ಚುತ್ತಾರೆ. ಸೀಲು ಹಾಕಿದ ಗೋದಾಮಿನಿಂದ ಅವರು ಮದ್ಯವನ್ನು ಕೊಳವೆ ಹಾಕಿ ಎಳೆದು ಪೆಟ್ರೋಲ್ ಟ್ಯಾಂಕರಿಗೆ ತುಂಬಿಸುತ್ತಾರೆ. ಹೊರಗಿನಿಂದ ನೋಡಿದವರಿಗೆ ಅದು ಎಣ್ಣೆಯ ಗಾಡಿ. ಲಾರಿಯ ತಳದಲ್ಲಿ ಗುಪ್ತ ಅರೆ ಮಾಡಿಸುವುದು, ಬೇರೆ ಸರಕಿನ ನಡುವೆ ಪೆಟ್ಟಿಗೆ ಹುದುಗಿಸುವುದು ನಮ್ಮ ಕಡೆಯ ಅಬಕಾರಿ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣುವ ತಂತ್ರ. ತೊಂಬತ್ತು ವರ್ಷದಲ್ಲಿ ಗಾಡಿಗಳು ಬದಲಾಗಿವೆ, ಯೋಚನೆ ಬದಲಾಗಿಲ್ಲ.

ಚಿತ್ರದ ನಡುಗಂಬವಾದ ದೃಶ್ಯದಲ್ಲಿ ಗುಂಡಿನ ಸದ್ದಿಲ್ಲ. ಟಾಮ್‌ನ ಅಣ್ಣ ಮೈಕ್ ಮಹಾಯುದ್ಧದಿಂದ ಜರ್ಜರಿತನಾಗಿ ಮನೆಗೆ ಬಂದಿದ್ದಾನೆ. ಅವನ ಸ್ವಾಗತಕ್ಕೆ ತಾಯಿ ಊಟ ಮಾಡಿಸಿದ್ದಾಳೆ. ಟಾಮ್ ಮತ್ತು ಮ್ಯಾಟ್ ಒಂದು ದೊಡ್ಡ ಬಿಯರ್ ಪೀಪಾಯಿಯನ್ನು ತಂದು ಊಟದ ಮೇಜಿನ ನಟ್ಟನಡುವೆ ಇಡುತ್ತಾರೆ. ಅದು ಎಷ್ಟು ದೊಡ್ಡದೆಂದರೆ ಎದುರು ಬದುರು ಕುಳಿತವರ ಮುಖ ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ. ಎಲ್ಲರೂ ಕುಡಿಯುತ್ತಾರೆ, ಮೈಕ್ ಲೋಟ ಮುಟ್ಟುವುದಿಲ್ಲ. ಕೊನೆಗೆ ತಡೆಯಲಾರದೆ ಎದ್ದು, ಇದರಲ್ಲಿ ಬಿಯರ್ ಒಂದೇ ಇಲ್ಲ, ರಕ್ತವೂ ಇದೆ ಎಂದು ಕೂಗಿ ಪೀಪಾಯಿಯನ್ನು ಎತ್ತಿ ಬಿಸಾಡುತ್ತಾನೆ. ಯುದ್ಧದಲ್ಲಿ ನೀನೇನು ಕೈ ಕುಲುಕಿ ಬಂದೆಯಾ, ನೀನೂ ಕೊಂದವನೇ ಎಂದು ತಮ್ಮ ತಿರುಗಿ ಹೇಳುತ್ತಾನೆ. ತಾಯಿ ಇಬ್ಬರ ಮುಖವನ್ನೂ ನೋಡುತ್ತಾಳೆ, ಪ್ರಶ್ನೆ ಮಾತ್ರ ಕೇಳುವುದಿಲ್ಲ.

ಬೆರಿಲ್ ಮರ್ಸರ್ ನಟಿಸಿದ ಈ ತಾಯಿ ಚಿತ್ರದುದ್ದಕ್ಕೂ ಹಾಗೆಯೇ ಇರುತ್ತಾಳೆ. ಟಾಮ್ ಅವಳ ಪಾಲಿಗೆ ಸದಾ ಚಿಕ್ಕ ಮಗ. ಹೊಸ ಕೋಟು, ದೊಡ್ಡ ಕಾರು, ನೋಟಿನ ಕಂತೆ ಎಲ್ಲವನ್ನೂ ಅವಳು ಕಾಣುತ್ತಾಳೆ. ಟಾಮ್ ಕೊಟ್ಟ ಹಣವನ್ನು ಬೇಡವೆನ್ನುವವನು ಮೈಕ್, ತಾಯಿಯಲ್ಲ. ಕೊನೆಯಲ್ಲಿ ಎದುರಾಳಿ ಗುಂಪಿನ ಗುಂಡೇಟಿಗೆ ಗಾಯಗೊಂಡ ಟಾಮ್ ಆಸ್ಪತ್ರೆಯಿಂದ ಅಪಹೃತನಾಗುತ್ತಾನೆ. ಅವನು ಮನೆಗೆ ಬರುತ್ತಿದ್ದಾನೆ ಎಂಬ ಫೋನು ಬಂದಾಗ ತಾಯಿ ಖುಷಿಯಿಂದ ಮಹಡಿಯ ಮೇಲೆ ಹಾಸಿಗೆ ಸಜ್ಜು ಮಾಡುತ್ತಾಳೆ, ಕೆಳಗೆ ಗ್ರಾಮಾಫೋನು ಹಾಡುತ್ತಿರುತ್ತದೆ. ಮೈಕ್ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಬ್ಯಾಂಡೇಜು, ಹಗ್ಗ, ಕಂಬಳಿ ಸುತ್ತಿದ ತಮ್ಮನ ಹೆಣ ನಿಂತಿದೆ. ಅದು ಮುಂದಕ್ಕೆ ಕವುಚಿ ಬೀಳುತ್ತದೆ.

ಟಾಮ್ ಪಾತ್ರ ಮೊದಲು ಎಡ್ವರ್ಡ್ ವುಡ್ಸ್‌ಗೆ ಗೊತ್ತಾಗಿತ್ತು. ಚಿತ್ರೀಕರಣ ಶುರುವಾದ ಮೇಲೆ ವೆಲ್‌ಮನ್ ಅದನ್ನು ಜೇಮ್ಸ್ ಕ್ಯಾಗ್ನಿಗೆ ಕೊಟ್ಟ. ಕ್ಯಾಗ್ನಿ ರಾತ್ರೋರಾತ್ರಿ ತಾರೆಯಾದ. ಜನ ಇಂದಿಗೂ ನೆನೆಯುವುದು ಅವನು ಬೆಳಗಿನ ತಿಂಡಿಯ ಮೇಜಿನಲ್ಲಿ ಸಂಗಾತಿಯ ಮುಖಕ್ಕೆ ಅರ್ಧ ಹೋಳು ಹಣ್ಣನ್ನು ಒತ್ತುವ ದೃಶ್ಯವನ್ನು. ಅದೂ ಮನೆಯೊಳಗಿನ ದೃಶ್ಯವೇ. ಬೀದಿಯ ಒರಟುತನ ಮನೆಯ ಹೆಣ್ಣಿನ ಮೇಲೆ ತಿರುಗುವುದನ್ನು ವೆಲ್‌ಮನ್ ಒಂದೇ ಏಟಿಗೆ ತೋರಿಸಿದ. ಅದೇ ವರ್ಷದ ‘ಲಿಟ್ಲ್ ಸೀಸರ್’ ಒಬ್ಬಂಟಿ ಪಾತಕಿಯ ಏಳುಬೀಳು ಹೇಳಿತು. 1932ರ ‘ಸ್ಕಾರ್‌ಫೇಸ್’ ಅಣ್ಣ ತಂಗಿಯ ವಿಕಾರ ಬಂಧವನ್ನು ಹೇಳಿತು. ದಂಧೆ ಮನೆಯ ಅನ್ನಕ್ಕೆ ಬೆರೆಯುವ ಬಗೆಯನ್ನು ‘ದಿ ಪಬ್ಲಿಕ್ ಎನಿಮಿ’ಯಷ್ಟು ಹತ್ತಿರದಿಂದ ಈ ಎರಡೂ ನೋಡಲಿಲ್ಲ. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆ ಪಟ್ಟಿಗೆ 1998ರಲ್ಲಿ ಈ ಚಿತ್ರ ಸೇರಿದೆ.

ಕ್ಯಾಪೋನ್ ಮನೆಯ ಹಿರಿಮಗ

ಒಬ್ಬ ಮಗ ಕಾನೂನಿನ ಕಡೆ, ಇನ್ನೊಬ್ಬ ದಂಧೆಯ ಕಡೆ ಎಂಬುದು ಸಿನಿಮಾದ ಹೆಣಿಗೆ ಎಂದುಕೊಳ್ಳುವವರು ಶಿಕಾಗೊದ ನಿಜವಾದ ದೊರೆಯ ಮನೆಯನ್ನು ನೋಡಬೇಕು. ಅಲ್ ಕ್ಯಾಪೋನ್ ಹುಟ್ಟಿದ್ದು 1899ರ ಜನವರಿ 17ರಂದು. ಅಮೆರಿಕದಲ್ಲಿ ಪಾನನಿಷೇಧ ಜಾರಿಯಾದದ್ದು 1920ರ ಜನವರಿ 17ರಂದು. ಅವನಿಗೆ ಇಪ್ಪತ್ತೊಂದು ತುಂಬಿದ ದಿನವೇ ಸರ್ಕಾರ ಅವನ ಸಾಮ್ರಾಜ್ಯಕ್ಕೆ ಜಾಗ ಮಾಡಿಕೊಟ್ಟಿತು. ಅವನ ಹಿರಿಯಣ್ಣ ಜೇಮ್ಸ್ ಹದಿಹರೆಯದಲ್ಲೇ ಮನೆ ಬಿಟ್ಟು ಹೋಗಿ, ರಿಚರ್ಡ್ ಹಾರ್ಟ್ ಎಂದು ಹೆಸರು ಬದಲಿಸಿಕೊಂಡು ನೆಬ್ರಾಸ್ಕ ಕಡೆ ನೆಲೆಸಿದ. ಅಲ್ಲಿ ಅವನು ಮಾಡಿದ ಕೆಲಸ ಪಾನನಿಷೇಧ ಅಧಿಕಾರಿಯದು. ತಮ್ಮ ಶಿಕಾಗೊದಲ್ಲಿ ಮದ್ಯ ಹರಿಸುತ್ತಿದ್ದ ವರ್ಷಗಳಲ್ಲೇ ಅಣ್ಣ ಕಳ್ಳಭಟ್ಟಿ ಒಡೆಯುತ್ತಿದ್ದ.

ಕ್ಯಾಪೋನ್ 1931ರ ಅಕ್ಟೋಬರ್‌ನಲ್ಲಿ ಶಿಕ್ಷೆಗೊಳಗಾದದ್ದು ಕೊಲೆಗಾಗಿ ಅಲ್ಲ, ಆದಾಯ ತೆರಿಗೆ ವಂಚನೆಗಾಗಿ. ಶಿಕ್ಷೆ 11 ವರ್ಷ. 1929ರ ವ್ಯಾಲೆಂಟೈನ್ ದಿನ ಶಿಕಾಗೊದ ಗ್ಯಾರೇಜಿನಲ್ಲಿ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಕೊಂದ ಪ್ರಕರಣದಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ. ಗಾಡಿ ಓಡಿಸಿದವನನ್ನು ಹಿಡಿದರೆ ದಂಧೆ ನಿಲ್ಲುವುದಿಲ್ಲ, ಹಣದ ಜಾಡು ಹಿಡಿದರೆ ಮಾತ್ರ ಅದರ ಒಡೆಯ ಸಿಗುತ್ತಾನೆ ಎಂದು ಅಮೆರಿಕ ಕಲಿತದ್ದು ಈ ತೆರಿಗೆ ಮೊಕದ್ದಮೆಯಿಂದ. ಚಿತ್ರದಲ್ಲೂ ಅಂಥ ಒಬ್ಬ ಒಡೆಯನಿದ್ದಾನೆ. ಬಿಯರ್ ಕಾರ್ಖಾನೆಯ ಸಭ್ಯ ಮಾಲೀಕ ಗುಂಪಿನವರ ಜೊತೆ ಕೂತು ಪಾಲುದಾರಿಕೆ ಕುದುರಿಸುತ್ತಾನೆ. ಬೀದಿಯಲ್ಲಿ ಸಾಯುವವರು ಮ್ಯಾಟ್ ಮತ್ತು ಟಾಮ್.

ಒಣ ಬೆಳಗಾವಿ, ಹಸಿ ಗೋವಾ

ಬೆಳಗಾವಿಗೂ ಪಾನನಿಷೇಧದ ಕಾಲವೊಂದು ಇತ್ತು ಎಂಬುದನ್ನು ಈಗಿನ ತಲೆಮಾರು ಮರೆತಿದೆ. 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಆ ರಾಜ್ಯ ಪಾನನಿಷೇಧದಲ್ಲಿ ದೇಶಕ್ಕೇ ಮುಂದು. ಬಿ.ಜಿ. ಖೇರ್ ಅವರ ಮಂತ್ರಿಮಂಡಲ 1939ರಲ್ಲೇ ಮುಂಬೈ ನಗರದಲ್ಲಿ ನಿಷೇಧ ಪ್ರಯೋಗಿಸಿತ್ತು. ಸ್ವಾತಂತ್ರ್ಯಾನಂತರ ಖೇರ್ ಮುಖ್ಯಮಂತ್ರಿ, ಮೊರಾರ್ಜಿ ದೇಸಾಯಿ ಗೃಹಮಂತ್ರಿ ಆಗಿದ್ದಾಗ 1949ರ ಮುಂಬೈ ಪಾನನಿಷೇಧ ಕಾಯ್ದೆ ಬಂತು. 1950ರ ಏಪ್ರಿಲ್‌ನಿಂದ ಇಡೀ ರಾಜ್ಯ ಒಣಗಿತು. ಈ ಕಾಯ್ದೆ ಅಮೆರಿಕದ್ದಕ್ಕಿಂತ ಕಠಿಣ. ಪರವಾನಗಿ ಇಲ್ಲದೆ ಮಾರುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದು, ಕುಡಿಯುವುದು ಕೂಡ ಅಪರಾಧ.

ಪಾನನಿಷೇಧದ ಕನಸಿನ ಬೇರು ಬೆಳಗಾವಿಯಲ್ಲೂ ಇತ್ತು. ಅನಗೋಳಕ್ಕೆ ಹೊಂದಿಕೊಂಡಂತಿರುವ ಟಿಳಕವಾಡಿಯಲ್ಲಿ 1924ರ ಡಿಸೆಂಬರ್‌ನಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರು. ಅವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಹೆಂಡ ಬಿಡಿಸುವುದು ಅವರ ರಚನಾತ್ಮಕ ಕಾರ್ಯಕ್ರಮದ ಒಂದು ಭಾಗವಾಗಿತ್ತು. ಆ ಅಧಿವೇಶನಕ್ಕೆ ಕೆಲವೇ ವಾರ ಮೊದಲು, ನವೆಂಬರ್ 10ರಂದು, ಶಿಕಾಗೊದ ಕಳ್ಳಮದ್ಯದ ದೊರೆಗಳಲ್ಲೊಬ್ಬನಾದ ಡೀನ್ ಒಬ್ಯಾನಿಯನ್ ತನ್ನದೇ ಹೂವಿನ ಅಂಗಡಿಯಲ್ಲಿ ಗುಂಡಿಗೆ ಬಲಿಯಾಗಿದ್ದ. ಒಂದು ದೇಶ ಕಾಯ್ದೆಯ ಫಲ ಉಣ್ಣುತ್ತಿದ್ದಾಗ ಇನ್ನೊಂದು ದೇಶ ಅದೇ ಆದರ್ಶವನ್ನು ಎದೆಗೆ ಅಪ್ಪಿಕೊಳ್ಳುತ್ತಿತ್ತು.

ಒಣಗಿದ ಬೆಳಗಾವಿಯ ಮಗ್ಗುಲಲ್ಲೇ ಪೋರ್ಚುಗೀಸರ ಗೋವಾ ಇತ್ತು. ಅಲ್ಲಿ ಗೇರುಹಣ್ಣಿನ ಫೆನಿ, ತೆಂಗಿನ ಫೆನಿ, ಹಡಗಿನಲ್ಲಿ ಬಂದ ವಿದೇಶಿ ಮದ್ಯ ಯಾವುದಕ್ಕೂ ಅಡ್ಡಿಯಿಲ್ಲ. ಅಮೆರಿಕದ ಡೆಟ್ರಾಯಿಟ್‌ಗೆ ನದಿಯ ಆಚೆ ದಡದ ಕೆನಡಾ ಹೇಗೋ, ಖಾನಾಪುರಕ್ಕೆ ಘಟ್ಟದ ಕೆಳಗಿನ ಗೋವಾ ಹಾಗೆ. ಈ ಗಡಿಯ ತಲೆನೋವು ಬ್ರಿಟಿಷರಿಗೂ ಇತ್ತು. 1878ರ ಡಿಸೆಂಬರ್‌ನಲ್ಲಿ ಅವರು ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಸುಂಕ, ಉಪ್ಪು, ಅಬಕಾರಿ ಮೂರೂ ಸೇರಿದ್ದವು. ಗೋವಾದಲ್ಲೂ ಮುಂಬೈ ಪ್ರಾಂತದ ಮಾದರಿಯ ಅಬಕಾರಿ ತೆರಿಗೆ ತಂದರೆ ಕಳ್ಳಸಾಗಣೆಗೆ ಲಾಭವೇ ಇರುವುದಿಲ್ಲ ಎಂಬುದು ಅವರ ಎಣಿಕೆ. ಎರಡು ಕಡೆ ಬೆಲೆ ಸಮನಾದರೆ ಗಡಿಗೆ ಅರ್ಥವಿಲ್ಲ ಎಂಬ ಸರಳ ತಿಳಿವಳಿಕೆ ಅದರಲ್ಲಿತ್ತು. ಆದರೆ ಗೋವಾದ ಜನ ಅದನ್ನು ತಮ್ಮ ಮೇಲೆ ಹೇರಿದ ಹೊರೆಯೆಂದು ಕಂಡರು. ಒಪ್ಪಂದ 1892ರಲ್ಲಿ ಮುಗಿಯಿತು, ಮತ್ತೆ ಮುಂದುವರಿಯಲಿಲ್ಲ.

ಲೋಂಡಾದಿಂದ ಗೋವಾಕ್ಕೆ ಇಳಿಯುವ ರೈಲಿಗೆ ಕ್ಯಾಸಲ್‌ರಾಕ್ ಗಡಿ ನಿಲ್ದಾಣ. ಈ ಕಡೆ ಭಾರತದ ಸುಂಕದವರು, ಘಟ್ಟದ ಕೆಳಗೆ ಕುಳೆಯಲ್ಲಿ ಪೋರ್ಚುಗೀಸ್ ಸುಂಕದವರು ಪ್ರಯಾಣಿಕರ ಗಂಟುಮೂಟೆ ಬಿಚ್ಚಿಸುತ್ತಿದ್ದರು. 1955ರಲ್ಲಿ ಭಾರತ ಗೋವಾದ ಮೇಲೆ ಆರ್ಥಿಕ ದಿಗ್ಬಂಧನ ಹೇರಿತು, ರೈಲು ನಿಂತಿತು. ರೈಲಿನ ದಾರಿ ಮುಚ್ಚಿದಾಗ ಕಾಡಿನ ದಾರಿಗೆ ಬೆಲೆ ಬಂತು. ಚಿನ್ನ, ಕೈಗಡಿಯಾರ, ಮದ್ಯ ಆ ಕಾಲದ ಗೋವಾ ಗಡಿಯ ಕಳ್ಳಮಾಲಿನಲ್ಲಿ ಎದ್ದು ಕಾಣುವ ಹೆಸರುಗಳು. 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾದ ಮೇಲೆ ಅಂತಾರಾಷ್ಟ್ರೀಯ ಗಡಿ ಹೋಯಿತು, ಒಣ ಹಸಿಯ ಗೆರೆ ಮಾತ್ರ ಉಳಿಯಿತು.

ಮುಂಬೈ ಪಾನನಿಷೇಧ ಕಾಯ್ದೆ ಊರೊಳಗೂ ಒಂದು ಗೆರೆ ಎಳೆದಿತ್ತು. ಸೇನಾ ಮೆಸ್ಸು, ಕ್ಯಾಂಟೀನುಗಳಿಗೆ ಅದರಲ್ಲಿ ವಿನಾಯಿತಿ ಕೊಡಲು ಅವಕಾಶವಿತ್ತು. 1951ರ ಎಫ್.ಎನ್. ಬಲ್ಸಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ವಿನಾಯಿತಿಯನ್ನು ಎತ್ತಿಹಿಡಿಯಿತು. ಮದ್ಯಸಾರ ಬೆರೆತ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಮೇಲಿನ ನಿರ್ಬಂಧವನ್ನು ತೆಗೆದುಹಾಕಿತು. ಬೆಳಗಾವಿಯಂಥ ದಂಡಿನ ಊರಿನಲ್ಲಿ ಕ್ಯಾಂಪಿನ ಒಳಗೊಂದು ನ್ಯಾಯ, ಹೊರಗೊಂದು ನ್ಯಾಯ ಎಂಬಂತಾಯಿತು.

1956ರಲ್ಲಿ ಬೆಳಗಾವಿ ಸೇರಿದ ವಿಶಾಲ ಮೈಸೂರು ರಾಜ್ಯದಲ್ಲಿ ನಿಷೇಧ ತೆರವಾದದ್ದು 1967ರಲ್ಲಿ. ಆಗ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹದಲ್ಲಿ ಜೈಲು ಸೇರಿದವರು ಅವರೇ. ಹೆಂಡದ ಮರ ಕಡಿದ ಕೈಯೇ ನಿಷೇಧ ತೆಗೆಯುವ ಕಾಲಕ್ಕೆ ಅಧಿಕಾರದಲ್ಲಿತ್ತು. ಇದನ್ನು ಆದರ್ಶದ ಸೋಲು ಎಂದಷ್ಟೇ ಓದುವುದು ತಪ್ಪು. ಕಾಗದದ ಮೇಲೆ ನಿಷೇಧ, ಊರೂರಿನಲ್ಲಿ ಕಳ್ಳಭಟ್ಟಿ, ಖಜಾನೆಗೆ ನಷ್ಟ ಎಂಬ ಸ್ಥಿತಿಯನ್ನು ಎದುರಿಸಿದ ಆಡಳಿತಗಳಲ್ಲಿ ಹಲವು ಒಂದಲ್ಲ ಒಂದು ದಿನ ಈ ತೀರ್ಮಾನಕ್ಕೆ ಬಂದಿವೆ. ಅಮೆರಿಕ 1933ರ ಡಿಸೆಂಬರ್ 5ರಂದು ಬಂದಿತ್ತು.

ತೆರಿಗೆ ಎಳೆದ ಹೊಸ ಗೆರೆ

ನಿಷೇಧ ಹೋದರೂ ಗೆರೆ ಹೋಗಲಿಲ್ಲ, ರೂಪ ಬದಲಿಸಿತು. ಇಂದು ಕರ್ನಾಟಕಕ್ಕೆ ಅಬಕಾರಿ ದೊಡ್ಡ ಆದಾಯ ಮೂಲ. 2025–26ರ ಬಜೆಟ್ಟಿನಲ್ಲಿ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. 2023ರ ಜುಲೈ ಬಜೆಟ್ಟಿನಲ್ಲಿ ಎಲ್ಲ 18 ಬೆಲೆ ಸ್ಲ್ಯಾಬುಗಳ ಮದ್ಯದ ಮೇಲೆ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 20 ಏರಿಸಲಾಯಿತು. ಪ್ರವಾಸೋದ್ಯಮವನ್ನು ನಂಬಿದ ಗೋವಾ ತೆರಿಗೆಯನ್ನು ಕೆಳಗೇ ಇಟ್ಟಿದೆ. ದುಬಾರಿ ಬಾಟಲಿಗಳು ಗಡಿ ದಾಟಿ ಬರುವುದನ್ನು ಕಂಡ ಕರ್ನಾಟಕ 2024ರ ಆಗಸ್ಟ್‌ನಲ್ಲಿ ಸ್ಲ್ಯಾಬುಗಳನ್ನು 16ಕ್ಕೆ ಇಳಿಸಿ, ಮೇಲ್ದರ್ಜೆಯ ಮದ್ಯದ ಬೆಲೆ ತಗ್ಗಿಸಿತು. ಬಡವರು ಕುಡಿಯುವ ಕೆಳಸ್ತರದ ಮದ್ಯಕ್ಕೆ ಆ ಇಳಿಕೆ ಅನ್ವಯವಾಗಲಿಲ್ಲ.

ಸಾರಾಯಿಯ ಕಥೆ ಬೇರೆ. ಪ್ಯಾಕೆಟ್ ಸಾರಾಯಿ ಕುಟುಂಬಗಳನ್ನು ತಿಂದುಹಾಕುತ್ತಿದ್ದುದರಿಂದ ಕರ್ನಾಟಕ 2007ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ಉದ್ದೇಶ ಒಳ್ಳೆಯದೇ. ಆದರೆ ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿ ಭಾಗದಲ್ಲಿ ವಿಷಮದ್ಯ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಹೀಗೆಯೇ ಸತ್ತಿದ್ದರು.

ಈ ಸಾವುಗಳ ಬಗೆ ತಿಳಿದಿರಬೇಕು. ಕಳ್ಳಭಟ್ಟಿಯಲ್ಲಿ ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ನವಸಾಗರ, ಗಿಡದ ತೊಗಟೆ ಹಾಕಿ ಹುಳಿಯಲು ಬಿಡುತ್ತಾರೆ. ದಾಳಿಯ ಸುದ್ದಿಗಳಲ್ಲಿ ಬೆಲ್ಲದ ಕೊಳೆ ಎಂದು ಬರುವುದು ಇದೇ. ಅದನ್ನು ಕಾಯಿಸಿ ಇಳಿಸಿದರೆ ಹಾತಭಟ್ಟಿ. ಅದು ಆರೋಗ್ಯಕ್ಕೆ ಕೇಡು, ಆದರೆ ಒಂದೇ ರಾತ್ರಿಯಲ್ಲಿ ಊರನ್ನು ಕೊಲ್ಲುವ ವಿಷ ಸಾಮಾನ್ಯವಾಗಿ ಬೇರೆ ಕಡೆಯಿಂದ ಬರುತ್ತದೆ. ಕಾರ್ಖಾನೆಗಳಲ್ಲಿ ಬಳಸುವ ಮೆಥನಾಲ್ ಅಗ್ಗ, ನೋಡಲು ಮದ್ಯಸಾರದಂತೆಯೇ ಇರುತ್ತದೆ. ಲಾಭಕೋರರು ಅದನ್ನು ಬೆರೆಸುತ್ತಾರೆ. ಹೊಟ್ಟೆ ಸೇರಿದ ಮೆಥನಾಲನ್ನು ಪಿತ್ತಜನಕಾಂಗ ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ, ಆ ಆಮ್ಲ ಮೊದಲು ಕಣ್ಣಿನ ನರವನ್ನು ಸುಡುತ್ತದೆ. ಕುಡಿದು ಕೆಲವು ತಾಸಿನ ಮೇಲೆ ಕಣ್ಣು ಮಂಜಾದರೆ, ವಾಂತಿ, ಹೊಟ್ಟೆನೋವು ಶುರುವಾದರೆ ಅದು ಅಮಲಲ್ಲ, ವಿಷ. ತಡಮಾಡದೆ ಆಸ್ಪತ್ರೆ ಸೇರಿಸಿದರೆ ಪ್ರತಿವಿಷ, ಡಯಾಲಿಸಿಸ್‌ನಿಂದ ಜೀವ ಉಳಿಸಬಹುದು. ಪೊಲೀಸರ ಭಯಕ್ಕೆ ಮನೆಯಲ್ಲೇ ಮಲಗಿಸಿದ್ದರಿಂದ ಸತ್ತವರು ಇಂಥ ದುರಂತಗಳಲ್ಲಿ ಇದ್ದಾರೆ. ಪಾನನಿಷೇಧದ ಅಮೆರಿಕದಲ್ಲೂ ಕಾರ್ಖಾನೆಯ ಮದ್ಯಸಾರಕ್ಕೆ ವಿಷ ಬೆರೆಸಲು ಸರ್ಕಾರವೇ ಆಜ್ಞೆ ಮಾಡಿತ್ತು. ಅದನ್ನು ಕದ್ದು ಮಾರಿದಾಗ ಕುಡಿದವರು ಸತ್ತರು.

ಕೇಳುವ ತಾಯಿ

ಮತ್ತೆ ಮನೆಗೆ ಬರೋಣ. ಕಣಕುಂಬಿಯಲ್ಲೋ ಅನಮೋಡದಲ್ಲೋ ಗಾಡಿ ಸಿಕ್ಕಿದಾಗ ಮೊದಲು ಕೈಗೆ ಸಿಗುವವನು ಚಾಲಕ, ಅವನ ಪಕ್ಕ ಕೂತ ಹುಡುಗ. ಕರ್ನಾಟಕ ಅಬಕಾರಿ ಕಾಯ್ದೆಯ 32 ಮತ್ತು 34ನೇ ಕಲಮಿನಡಿ ಅಕ್ರಮ ಸಾಗಣೆ, ದಾಸ್ತಾನಿಗೆ ಜೈಲು ಶಿಕ್ಷೆಯಿದೆ. ವಾಹನವನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. ಸಾಲ ಮಾಡಿ ಕೊಂಡ ಗೂಡ್ಸ್ ಗಾಡಿ ಅದಾಗಿದ್ದರೆ ಕಂತು ಕಟ್ಟುವವರು ಮನೆಯವರು. ಜಾಮೀನಿಗೆ ಓಡಾಡುವವರು, ಕೋರ್ಟಿನ ತಾರೀಕಿಗೆ ಕೂಲಿ ಬಿಡುವವರು ತಾಯಿ, ಹೆಂಡತಿ. ಪೆಟ್ಟಿಗೆಗಳಿಗೆ ಹಣ ಹೂಡಿದವನಿಗೆ ಒಂದು ಗಾಡಿ ಹೋದರೆ ವ್ಯಾಪಾರದ ಒಂದು ನಷ್ಟ ಅಷ್ಟೇ.

1975ರ ‘ದೀವಾರ್’ ನೆನಪಿರುವವರಿಗೆ ಪವರ್ಸ್ ಮನೆ ಗುರುತಾಗದೆ ಇರದು. ಅಲ್ಲೂ ಒಬ್ಬ ಮಗ ಕಳ್ಳಸಾಗಣೆಯಲ್ಲಿ, ಒಬ್ಬ ಪೊಲೀಸ್, ನಡುವೆ ತಾಯಿ. ಆದರೆ ಸಲೀಂ–ಜಾವೇದ್ ಬರೆದ, ನಿರೂಪಾ ರಾಯ್ ನಟಿಸಿದ ತಾಯಿ ಮಗನ ಹಣದ ಮೂಲ ಗೊತ್ತಾದೊಡನೆ ಅವನ ಬಂಗಲೆ ಬಿಟ್ಟು ಹೊರಡುತ್ತಾಳೆ. ಶಿಕಾಗೊದ ತಾಯಿ ಕೇಳದೆ ಉಳಿದದ್ದನ್ನು ನಮ್ಮ ತಾಯಿ ಕೇಳುತ್ತಾಳೆ. ಎರಡೂ ಚಿತ್ರಗಳಲ್ಲಿ ಮಗ ಸಾಯುತ್ತಾನೆ, ಆದರೆ ಸತ್ಯ ಗೊತ್ತಿದ್ದ ತಾಯಿಯ ಮನೆ ಸುಳ್ಳಿನ ಮೇಲೆ ನಿಂತಿರುವುದಿಲ್ಲ.

ಸಿನಿಮಾದ ಹೊರಗೆ, ಕರ್ನಾಟಕದ ಹೆಂಗಸರು ಕೇಳಿಯೂ ಇದ್ದಾರೆ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಗ್ರಾಮೀಣ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದು, ಗಾಂಧೀಜಿ ಹುತಾತ್ಮರಾದ ಜನವರಿ 30ರಂದು ರಾಜಧಾನಿ ತಲುಪಿದರು. ಅವರ ಪ್ರಶ್ನೆ ನೇರವಾಗಿತ್ತು. ಗಂಡನ ಕೂಲಿಯೆಲ್ಲ ಮದ್ಯಕ್ಕೆ ಹೋದರೆ, ಅದರಿಂದ ಬಂದ ತೆರಿಗೆಯಲ್ಲಿ ನಮಗೆ ಕೊಡುವ ಸೌಲಭ್ಯ ಯಾರ ದುಡ್ಡು?

ಅವರ ಬೇಡಿಕೆ ಪೂರ್ಣ ನಿಷೇಧ. ಇತಿಹಾಸ ಹೇಳುವುದು, ಕಾಗದದ ನಿಷೇಧ ಕಳ್ಳಭಟ್ಟಿಗೆ ದಾರಿ ಮಾಡುತ್ತದೆ ಎಂದು. ಹಾಗೆಂದು ಅವರ ನೋವನ್ನು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ಮದ್ಯದ ಹಣ ಬೇಕು, ಮದ್ಯದಿಂದ ಮುರಿದ ಮನೆಯ ಹೊಣೆ ಬೇಡ ಎಂಬ ಸರ್ಕಾರಕ್ಕೆ ಉತ್ತರ ಕೊಡುವ ಜವಾಬ್ದಾರಿ ಇದೆ.

ಅದಕ್ಕೆ ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ರಾಜ್ಯಗಳು ಕೂತು ಗಡಿಯ ಬೆಲೆಯ ಅಂತರವನ್ನು ಹಂತಹಂತವಾಗಿ ಕಿರಿದು ಮಾಡಬೇಕು. ಗಾಡಿ ಹಿಡಿದಾಗ ತನಿಖೆ ಚಾಲಕನಲ್ಲಿ ನಿಲ್ಲದೆ, ಪೆಟ್ಟಿಗೆ ಯಾರ ಹಣದಿಂದ ಹೊರಟಿತು, ಯಾರ ಗೋದಾಮಿಗೆ ಹೊರಟಿತು ಎಂಬ ಜಾಡಿನಲ್ಲಿ ಮುಂದುವರಿಯಬೇಕು. ಕ್ಯಾಪೋನನನ್ನು ಕೆಡವಿದ್ದು ಅದೇ ದಾರಿ. ಅಬಕಾರಿ ಆದಾಯದ ನಿಗದಿತ ಪಾಲು ವ್ಯಸನಮುಕ್ತಿ ಚಿಕಿತ್ಸೆಗೆ ಮೀಸಲಾಗಬೇಕು, ಅದು ಖಾನಾಪುರದಂಥ ಕಾಡಂಚಿನ ತಾಲೂಕು ಆಸ್ಪತ್ರೆಗಳವರೆಗೆ ಇಳಿಯಬೇಕು. ಕುಡಿತ ಬಿಡಿಸಲು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ವರೆಗೆ ಹೋಗಬೇಕಾದ ಕೂಲಿಕಾರನಿಗೆ ಬಸ್ಸಿನ ಚಾರ್ಜು, ಬಿಟ್ಟ ಕೂಲಿ ಎರಡೂ ಭಾರ.

ಮನೆಯವರು ಮಾಡಬೇಕಾದ ಕೆಲಸವೂ ಒಂದಿದೆ. ಅನಗೋಳದಲ್ಲಾಗಲಿ, ಜಾಂಬೋಟಿಯಲ್ಲಾಗಲಿ, ಕೆಲಸ ಬಿಟ್ಟ ಮಗ ಇದ್ದಕ್ಕಿದ್ದಂತೆ ಹೊಸ ಗಾಡಿ ತಂದರೆ, ರಾತ್ರಿ ಹೊರಟು ಬೆಳಗಿಗೆ ಹಣ ತಂದರೆ, ಎಲ್ಲಿಂದ ಎಂದು ಕೇಳಿ. ಬೈಯಲು ಅಲ್ಲ, ಉಳಿಸಿಕೊಳ್ಳಲು ಕೇಳಿ. ಮನೆಯಲ್ಲಿ ಯಾರಾದರೂ ಕುಡಿತಕ್ಕೆ ಸಿಕ್ಕಿದ್ದರೆ ಮುಚ್ಚಿಡಬೇಡಿ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416. ಎರಡಕ್ಕೂ ಕರೆ ಉಚಿತ.